ಹಂಡೆ ಕಾಯುವಷ್ಟರಲ್ಲಿ

ಬಚ್ಚಲ ಹಂಡೆಯ ನೀರು ಕಾಯಲು ಇಪ್ಪತ್ತೈದು ನಿಮಿಷ ಬೇಕು. ಹಾರನಹಳ್ಳಿಯ ನಂದಿತಾಳ ಹಿತ್ತಲ ಕೆಲಸ ಅಷ್ಟರಲ್ಲೇ ಮುಗಿಯಬೇಕು. ಐದೂಕಾಲಿಗೆ ಒಲೆ ಹಚ್ಚಿದರೆ ಸೋಮವಾರ, ಗುರುವಾರ ಪಾತಿಗಳಿಗೆ ನೀರು, ಮಂಗಳವಾರ ಕಳೆ, ಬುಧವಾರ ಬದನೆ, ಬೆಂಡೆಯ ಎಲೆ ಮಗುಚಿ ಹುಳು ನೋಡುವುದು. ಆಮೇಲೆ ಅತ್ತೆಯ ಮೈ ಒರೆಸಿ, ಗಂಜಿ ಕುಡಿಸಿ, ಅಡುಗೆ ಮುಗಿಸಿ, ಏಳೂ ನಲವತ್ತರ ಬಸ್ಸು ಹತ್ತಿ ಅರಸೀಕೆರೆಯ ಕಚೇರಿಗೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹಿತ್ತಲ ಬಾಗಿಲಿಗೆ ಅಂಟಿಸಿದ್ದಳು.

"ನಮ್ಮ ಹಿತ್ಲು ರೈಲ್ವೆ ಸ್ಟೇಷನ್ ಆಯ್ತು ಬಿಡೇ. ಸಂತೇಲಿ ತಂದ್ರೆ ಆಗಲ್ವಾ?" ಎಂದಿದ್ದ ಗಂಡ ಮಧುಕುಮಾರ್.

ನಂದಿತಾ ಬಿಡಲಿಲ್ಲ. ಹಿತ್ತಲು ಅತ್ತೆ ಸಾವಿತ್ರಮ್ಮನದು. ಚಳಿಗಾಲದಲ್ಲಿ ಲಕ್ವ ಹೊಡೆದು ಎಡಮೈ ಬಿದ್ದುಹೋದ ಮೇಲೆ, ಮಂಚದ ಪಕ್ಕದ ಕಿಟಕಿಯಿಂದ ಆ ನಾಲ್ಕು ಪಾತಿ ನೋಡುತ್ತಲೇ ಅವರ ಹಗಲು ಕಳೆಯುತ್ತಿತ್ತು. ದಿನಕ್ಕೊಮ್ಮೆ ಕೇಳುತ್ತಿದ್ದರು: "ಸೋರೆ ಬೀಜ ಹಾಕೋ ಹೊತ್ತಾಯ್ತೇನವ್ವ?"

ಆ ಬೀಜ ನಲವತ್ತೊಂದು ವರ್ಷದ ಹಿಂದೆ ಹಳೇಬೀಡಿನ ತವರಿನಿಂದ ಅವರ ಸೆರಗಿನಲ್ಲಿ ಬಂದದ್ದು. ಪ್ರತಿವರ್ಷ ಒಂದು ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜವನ್ನು ಹಸಿ ಸಗಣಿಯಲ್ಲಿ ಒತ್ತಿ ಬಚ್ಚಲ ಗೋಡೆಗೆ ತಟ್ಟುತ್ತಿದ್ದರು, ಹುಳು ಮುಟ್ಟುತ್ತಿರಲಿಲ್ಲ. ಕಾಯಿಲೆ ಬೀಳುವ ಮುಂಚಿನ ವಾರವೂ ತಟ್ಟಿದ್ದರು.

ಮೇ ತಿಂಗಳ ಮೊದಲ ಮಳೆಗೆ ತೆಂಗಿನ ಮಟ್ಟೆಯೆಲ್ಲ ನೆನೆದಿತ್ತು. ಒಲೆ ಹತ್ತಲಿಲ್ಲ. ಹೊತ್ತಾಗುತ್ತಿತ್ತು. ನಂದಿತಾ ಕೈಚಾಚಿ ಗೋಡೆಯ ಮೇಲಿದ್ದ ಒಣ ಬೆರಣಿ ಕಿತ್ತು ಒಲೆಗೆ ಹಾಕಿದಳು. ಬೀಜ ಹುರಿದ ವಾಸನೆ ಬಂದಾಗಲೇ ಅವಳಿಗೆ ಎಚ್ಚರವಾದದ್ದು. ಇಕ್ಕಳದಿಂದ ಎಳೆದು ಒಡೆದಾಗ ಸುಡದ ಏಳು ಬೀಜ ಸಿಕ್ಕವು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂತೇ ಎಂದು ಹನ್ನೆರಡು ದಿನ ಬಿಚ್ಚಿ ನೋಡಿದಳು. ಏಳೂ ಕೊಳೆತವು.

ಹದಿಮೂರನೆಯ ದಿನ ಗಂಜಿ ಕುಡಿಸುತ್ತಾ ಹೇಳಿಬಿಟ್ಟಳು. "ಅತ್ತೆ, ಬೀಜದ ಬೆರಣಿನ ನಾನೇ ಒಲೆಗೆ ಹಾಕ್ಬಿಟ್ಟೆ."

ಸಾವಿತ್ರಮ್ಮ ಕಿಟಕಿಯತ್ತಲೇ ನೋಡುತ್ತಿದ್ದರು. "ಅವತ್ತೇ ವಾಸ್ನೆ ಬಂತು ಕಣವ್ವ."

"ಮತ್ತೆ ಒಂದು ಮಾತೂ ಬೈಲಿಲ್ಲ?"

"ಬೈದ್ರೆ ಬೀಜ ತಿರ್ಗಾ ಬತ್ತದಾ? ಒಣಗಿದ ಸೋರೆ ಬುರುಡೆ ಒಡ್ದಾಗ ತಿರುಳ್ನ ತಿಪ್ಪೆ ಮೂಲೆಗೆ ಎಸ್ದಿದ್ದೆ. ಅದ್ರಾಗೆ ಒಂದೋ ಎರಡೋ ಉಳ್ದಿರ್ತವೆ. ಅಲ್ಲಿ ಕೆರೀಬ್ಯಾಡ."

ನಂದಿತಾ ಇನ್ನೊಂದು ಚಮಚ ಗಂಜಿ ಕುಡಿಸಿದಳು. ಕಿಟಕಿಗೆ ಕಾಣದ ಆ ಮೂಲೆಯನ್ನು ಅವಳು ಪ್ರತಿ ಮಂಗಳವಾರ ಕೆರೆದು ಚೊಕ್ಕಟ ಮಾಡಿದ್ದಳು. ಏನು ಕೀಳುತ್ತಿದ್ದೇನೆಂದು ನೋಡಲು ಹೊತ್ತಿರಲಿಲ್ಲ. ಅದನ್ನು ಅತ್ತೆಗೆ ಹೇಳಲಿಲ್ಲ. ಹಾಳೆಯಲ್ಲಿ ಮಂಗಳವಾರದ ಸಾಲಿನ ಮುಂದೆ 'ತಿಪ್ಪೆ ಮೂಲೆ ಬಿಟ್ಟು' ಎಂದು ಸೇರಿಸಿದಳು.

ಜೂನ್‌ನಲ್ಲಿ ಆ ಮೂಲೆಯಲ್ಲಿ ಎರಡು ಸಸಿ ಎದ್ದವು. ತಿಪ್ಪೆಯಲ್ಲಿ ಸಿಹಿಗುಂಬಳವೂ ಹುಟ್ಟುತ್ತದೆ. ಮೊದಲೆರಡು ಎಲೆ ನೋಡಿ ಯಾವುದೆಂದು ಹೇಳಲಾಗದು. ಅವಳು ಕಾದಳು. ಐದಾರು ಎಲೆಯಾದ ಮೇಲೆ ಒಂದರ ಎಲೆ ಒರಟಾಗಿತ್ತು, ಕುಂಬಳವೇ. ಇನ್ನೊಂದನ್ನು ಮುಟ್ಟಿ ಮುಟ್ಟಿ ನೋಡಿದಳು. ಸೋರೆ ಎಲೆಯ ಹಾಗೆ ಮೆತ್ತಗಿತ್ತು. ಆದರೆ ಬೆರಣಿ ಕಿತ್ತ ಬೆರಳನ್ನು ನಂಬುವ ಧೈರ್ಯವಾಗಲಿಲ್ಲ. ಕೆಳಗಿನ ಒಂದು ಎಲೆ ಚಿವುಟಿ ಒಳಗೆ ತಂದು ಅತ್ತೆಯ ಬಲಗೈಯಲ್ಲಿಟ್ಟಳು.

ಸಾವಿತ್ರಮ್ಮ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಎಲೆಯನ್ನು ನಿಧಾನವಾಗಿ ಸವರಿದರು. ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ ಕೇಳಿತು. ನಂದಿತಾ ಏಳಲಿಲ್ಲ. ಹೆಬ್ಬೆರಳು ಇನ್ನೊಮ್ಮೆ ಸರಿಯಿತು.

"ಸೋರೆನೇ," ಎಂದರು. "ಹೋಗವ್ವ, ಬಸ್ಸು ಹೋಯ್ತದೆ."

"ಹೋಯ್ತು ಅತ್ತೆ."

ಮುಂದಿನ ಬಸ್ಸು ಎಂಟೂ ಹತ್ತಕ್ಕೆ. ನಂದಿತಾ ಬಳ್ಳಿ ಹಬ್ಬಿಸಲು ಕೋಲು ಹುಡುಕುತ್ತಾ ಹಿತ್ತಲಿಗೆ ಹೋದಳು.