ಕಾರಿನ ಕಿಟಕಿಯಿಂದ ಕೊಟ್ಟ ಕುಂಕುಮ

ಕಳೆದ ಗೌರಿ ಹಬ್ಬದಂದು ವೆಸ್ಟ್ ವಿಂಡ್ಸರಿನಲ್ಲಿರುವ ನಮ್ಮ ಪರಿಚಯದ ಸುಜಾತಾ ಅವರು ನನ್ನ ಮೊಮ್ಮಗಳು ಮಾನಸಿಯನ್ನು ಮನೆಯೊಳಗೆ ಕರೆಯದೆ, ಕಾರಿನ ಕಿಟಕಿಯಿಂದಲೇ ಅರಿಶಿನ-ಕುಂಕುಮ ಕೊಟ್ಟು ಸಾಗಹಾಕಿದರು. ಇಂದು ಬೆಳಿಗ್ಗೆ ಕಾರಿನ ಸೀಟನ್ನು ಒರೆಸುವಾಗ ಹೊಲಿಗೆಯ ಸಂದಿಯಿಂದ ಬೆರಳಿಗೆ ಕೆಂಪು ಹತ್ತಿತು. ಅದಕ್ಕೇ ಬರೆಯುತ್ತಿದ್ದೇನೆ.

ಅವಮಾನಗಳ ವಿಷಯದಲ್ಲಿ ನನ್ನ ನೆನಪು ಬಹಳ ಚೆನ್ನಾಗಿದೆ. ಇದೇ ಸುಜಾತಾ ಒಮ್ಮೆ ನನ್ನ ಕೈಯ ಒಬ್ಬಟ್ಟು ತಿಂದು, “ಯಾವ ಅಂಗಡೀದು ಆಂಟಿ?” ಎಂದು ಕೇಳಿದ್ದು, ಆಗ ಉಟ್ಟಿದ್ದ ಸೀರೆಯ ಅಂಚಿನ ಸಮೇತ ನೆನಪಿದೆ. ನನ್ನ ಮಗ ಇದಕ್ಕೆ ನಗುತ್ತಾನೆ, ನಗಲಿ. ಆದರೆ ಇದು ಒಬ್ಬಟ್ಟಿನ ವಿಷಯವಲ್ಲ.

ಮಾನಸಿಗೆ ಕಾಲೇಜಿನ ಎರಡನೆಯ ವರ್ಷದಲ್ಲಿ ಸೈಕೋಸಿಸ್ ಎಂಬ ಮನಸ್ಸಿನ ಕಾಯಿಲೆ ಕಾಣಿಸಿಕೊಂಡಿತು. ಹೋಬೋಕನ್ನಿನಿಂದ ಫೆರಿ ದೋಣಿಯಲ್ಲಿ ನಾವಿಬ್ಬರೂ ಹೋಗುವಾಗ, ಅಲ್ಲಿ ಕುಳಿತವರೆಲ್ಲ ಒಂದೇ ಮುಖವನ್ನು ಸರದಿಯಂತೆ ಹಾಕಿಕೊಳ್ಳುತ್ತಿದ್ದಾರೆ ಎಂದು ಅವಳು ಮೆಲ್ಲಗೆ ಹೇಳಿದಳು. ನಾನು ಸುತ್ತ ನೋಡಿದೆ. ಅರೆಕ್ಷಣ ನನಗೂ ಹಾಗೆಯೇ ಕಂಡಿತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಅವಳಿಗೆ ಅಪರಿಚಿತರ ಮುಖಗಳನ್ನು ತೋರಿಸಿದರು. ಸುಮ್ಮನಿದ್ದ ಮುಖಗಳಲ್ಲೂ ಅವಳಿಗೆ ಹಗೆ ಕಂಡಿತು. ಎದುರಿನವರ ಮನಸ್ಸನ್ನು ಊಹಿಸಲು ಮಿದುಳಿನ ಹಲವು ಭಾಗಗಳು ಕೂಡಿ ಕೆಲಸ ಮಾಡಬೇಕು. ಕೆಲವರಲ್ಲಿ ಅವುಗಳ ನಡುವಿನ ಸಂಪರ್ಕ ಏರುಪೇರಾಗುತ್ತದೆ, ಬೇಗ ಚಿಕಿತ್ಸೆ ದೊರೆತರೆ ಸುಧಾರಿಸಬಹುದು ಎಂದರು ಡಾಕ್ಟರು. ಔಷಧಿಯ ಜೊತೆಗೆ ಒಂದು ಅಭ್ಯಾಸವನ್ನೂ ಕಲಿಸಿದರು: ಪರಿಚಿತರ ಮುಖ ನೋಡಿ ಭಯವಾದರೆ ತೀರ್ಮಾನಕ್ಕೆ ಬರಬೇಡ, ಅವರನ್ನೇ ಕೇಳು. ಮಾನಸಿ ಕೇಳತೊಡಗಿದಳು, ಉತ್ತರಗಳನ್ನು ನಂಬತೊಡಗಿದಳು. ಕಾಲೇಜಿಗೆ ಮರಳುವ ಮಾತನ್ನೂ ಆಡಿದಳು.

ಹಬ್ಬದ ದಿನ ನಾನು ಸುಜಾತಾ ಮನೆಯ ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸುವಷ್ಟರಲ್ಲೇ ಅವರು ತಟ್ಟೆ ಹಿಡಿದು ಓಡಿಬಂದರು. ಅವರ ಹಿಂದೆ, ಕಿಟಕಿಯ ಬ್ಲೈಂಡ್ಸ್‌ನ ಸಂದಿಯಲ್ಲಿ ಸಾಲಾಗಿ ಮುಖಗಳು. ಒಂದೂ ಕದಲಲಿಲ್ಲ.

“ಇಳೀಲೇಬೇಡಿ ಆಂಟಿ, ಪಾಪ, ನಿಮ್ಮ ಮಂಡಿನೋವಲ್ಲಿ!”

ನನ್ನ ಮಂಡಿಗಳಿಗೆ ಏನೂ ಆಗಿರಲಿಲ್ಲ. ಮಾನಸಿ ಹಣೆಗೆ ಕುಂಕುಮ ಇಡಿಸಿಕೊಂಡು, ಕಲಿತಂತೆಯೇ ಕೇಳಿದಳು: “ಆಂಟಿ, ಆರ್ ಯು ಸ್ಕೇರ್ಡ್ ಆಫ್ ಮಿ?”

“ಅಯ್ಯೋ ಇಲ್ಲ ಕಣೇ ಪುಟ್ಟಾ! ನಿನಗೆ ಹಾಗೆಲ್ಲಾ ಅನ್ಸುತ್ತೆ ಅಷ್ಟೆ. ಒಳಗಡೆ ತುಂಬಾ ಕ್ರೌಡು, ಸ್ಟ್ರೆಸ್ ಆಗತ್ತೆ ಅಂತ.”

ತುಟಿ ನಗುತ್ತಿತ್ತು. ತಟ್ಟೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ ರಭಸಕ್ಕೆ ಕುಂಕುಮ ಸೀಟಿನ ಮೇಲೆ ಚೆಲ್ಲಿತು.

ಮನೆ ತಲುಪಿ ಮಾನಸಿ ಕಾರಿನಿಂದ ಇಳಿದಳು. ಆಮೇಲೆ, “ಐ ವಾಸ್ ಸೋ ಶೂರ್, ಅಜ್ಜಿ,” ಎಂದಳು. ನೀನು ಕಂಡದ್ದು ಸರಿಯೇ ಎಂದೆ. “ನೀವು ಅಜ್ಜಿ. ಯು ಹ್ಯಾವ್ ಟು ಸೇ ದಟ್.”

ಅಂದಿನಿಂದ ಅವಳು ಯಾರನ್ನೂ ಏನನ್ನೂ ಕೇಳುವುದಿಲ್ಲ. ಕಾಲೇಜಿನ ಮಾತೂ ನಿಂತಿತು. ಊಟಕ್ಕೆ ಕುಳಿತಾಗ ನನ್ನ ಬಾಯನ್ನೇ ದಿಟ್ಟಿಸುತ್ತಾಳೆ. ನಾನು ನಕ್ಕರೆ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಾಳೆ. ಈಚೆಗೆ ನಾನು ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತೇನೆ. ಅಲ್ಲಿ ನಗುವ ಮುದುಕಿಯನ್ನು ನಂಬಲು ನನಗೂ ಧೈರ್ಯ ಬರುತ್ತಿಲ್ಲ.

ಸುಜಾತಾ, ಮತ್ತು ಬ್ಲೈಂಡ್ಸ್‌ನ ಹಿಂದೆ ನಿಂತಿದ್ದವರೇ, ಆ ಹುಡುಗಿ ಅಂದು ನಿಮ್ಮನ್ನು ಸರಿಯಾಗಿಯೇ ಓದಿದ್ದಳು. “ಹೌದು, ಹೆದರಿಕೆಯಾಗುತ್ತೆ” ಎಂಬಷ್ಟು ನಿಜವನ್ನು ಅವಳಿಗೆ ಹೇಳದಂತೆ, ಯಾವ ಕಾಯಿಲೆಯೂ ಇಲ್ಲದ ನಿಮ್ಮನ್ನು ತಡೆದದ್ದು ಏನು?