ಅಲುಗದ ನಲವತ್ತೊಂದು ಕಿಲೋ

ಆಫೀಸಿನಲ್ಲಿ ಅವಳಿಗೆ ಚುಟುಕಮ್ಮ ಎಂದೇ ಹೆಸರು. ಬೇರೆಯವರು ಪುಟಗಟ್ಟಲೆ ಕೊರೆಯುವುದನ್ನು ಆಕೆ ಕಡ್ಡಿ ಮುರಿದಂತೆ ಒಂದೇ ಸಾಲಿನಲ್ಲಿ ಮುಗಿಸುವವಳು. ರೋಗಿಗಳ ಮಂಚದ ಮೇಲೆ ಕಣ್ಣಿಡುವ ಸಾಫ್ಟ್‌ವೇರಿಗೆ ಲಾಗ್, ಅಂದರೆ ನಿಮಿಷ ನಿಮಿಷದ ದಾಖಲೆ, ಬರೆಯುವ ವ್ಯವಸ್ಥೆ ರೂಪಿಸಿದ್ದೂ ಅವಳೇ. ಮಂಚದಡಿಯ ಸಾಧನ ನಿಮಿಷಕ್ಕೊಮ್ಮೆ ಮಲಗಿದವರ ಭಾರ ಕಳಿಸುತ್ತದೆ; ಲಾಗ್ ಅದರ ಪಕ್ಕದಲ್ಲಿ ಮೂರರಲ್ಲೊಂದು ಮಾತು ಬರೆಯುತ್ತದೆ: ಸರಿ, ಎಚ್ಚರಿಕೆ, ತಪ್ಪು. ನಾಲ್ಕನೆಯದಿಲ್ಲ.

“ಏನೂ ಸುದ್ದಿ ಬರ್ಲಿಲ್ಲ ಅಂತ ಹೇಳೋಕೆ ಇನ್ನೊಂದು ಬೇಡ್ವಾ?” ಎಂದು ಪಕ್ಕದ ಮೇಜಿನ ಟೆಸ್ಟರ್ ಕೇಳಿದ್ದ.

“ಸುದ್ದಿ ಬರ್ದೇ ಇದ್ರೆ ಲಾಗ್ ಹಿಂದಿನ ಸಾಲನ್ನೇ ಮತ್ತೆ ಬರ್ಕೊಳ್ಳುತ್ತೆ. ಅಷ್ಟರಲ್ಲಿ ಏನು ಮುಳುಗಿಹೋಗುತ್ತೆ?” ಎಂದು ಅವನ ಬಾಯಿ ಮುಚ್ಚಿಸಿದ್ದಳು. ಸರಳತೆಯ ಹುಚ್ಚು ನೆತ್ತಿಗೇರಿತ್ತು, ಬೇರೇನಲ್ಲ.

ತನ್ನನ್ನು ಸಾಕಿ ಬೆಳೆಸಿದ ಅಕ್ಕ ಹಾಸಿಗೆ ಹಿಡಿದಾಗ, ಬಾಡಿಗೆಗೆ ತಂದ ಮಂಚಕ್ಕೂ ಅದೇ ಸಾಧನ, ಅದೇ ಲಾಗ್ ಕೂರಿಸಿದಳು. ಅಕ್ಕನ ಮಗಳಿಗೆ ಒಂದು ದಿನ ಕೆಲಸದ ಇಂಟರ್‌ವ್ಯೂ ಇತ್ತು. “ನೀನು ಹೋಗ್ಬಾ, ನಾನು ಆಫೀಸಿಂದ್ಲೇ ನೋಡ್ಕೋತೀನಿ” ಎಂದಳು. ಮೂರು ಗಂಟೆಗೆ ಹುಡುಗಿ ಫೋನ್ ಮಾಡಿದಾಗ ಲಾಗ್ ನೋಡಿ, ಸರಿ ಇದೆ ಎಂದಳು. ನಾಲ್ಕಕ್ಕೆ ಹುಡುಗಿ ಮನೆ ಸೇರುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ಮಂಚ, ಸಾಧನ ಎರಡೂ ವಾಪಸು ಹೋಗಿ ವಾರ ಕಳೆಯಿತು. ಲಾಗ್ ನಿಲ್ಲಿಸಿಬಿಡೋಣವೆಂದು ಹಾಡಹಗಲಲ್ಲಿ ಅದನ್ನು ತೆರೆದಳು. ೪೧.೨ ಕಿಲೋ. ಸರಿ. ನೋಡುತ್ತಿದ್ದಂತೆಯೇ ಮತ್ತೊಂದು ಸಾಲು ಬಿತ್ತು. ೪೧.೨ ಕಿಲೋ. ಸರಿ. ಅಕ್ಕನ ಖಾಲಿ ಕೋಣೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ಮಲಗಿದ್ದಾರೆ ಎನಿಸಿತು.

ಹಿಂದಿನ ಸಾಲುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಬದುಕಿರುವ ಮೈ ಸುಮ್ಮನಿರುವುದಿಲ್ಲ. ಕೆಮ್ಮಿದರೆ, ಮಗ್ಗುಲಾದರೆ ಅಂಕಿ ಒಂದಿಷ್ಟು ಅಲುಗುತ್ತದೆ. ಅದು ಕೊನೆಯ ಸಲ ಅಲುಗಿದ್ದು ಅಕ್ಕ ಹೋದ ದಿನ ಬೆಳಗ್ಗೆ ಹನ್ನೊಂದು ಗಂಟೆ ಆರು ನಿಮಿಷಕ್ಕೆ. ಆಗ ನಿಂತದ್ದು ಸಾಧನವೋ, ಅಕ್ಕನೋ? ಲಾಗಿಗೆ ಹೇಳಲು ಬರದು. ಹೇಳಲು ಬಾರದಂತೆ ಅದನ್ನು ಮಾಡಿದವಳು ತಾನೇ. ಆಮೇಲೆ ಅಕ್ಕ ಎಷ್ಟು ಹೊತ್ತು ನರಳಿದಳೋ, ಯಾರನ್ನು ಕರೆದಳೋ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಹುಡುಗಿ ಪಾತ್ರೆ ಒರೆಸುತ್ತ ಹೇಳಿದಳು. “ಚಿಕ್ಕಮ್ಮ, ನಾನು ಹೋಗ್ಬಾರ್ದಿತ್ತು ಅಂತ ಅನಿಸ್ತಾನೇ ಇರುತ್ತೆ. ಆದ್ರೆ ಮೂರು ಗಂಟೆಗೆ ಅಮ್ಮ ಚೆನ್ನಾಗೇ ಇದ್ಲಲ್ವಾ? ನೀನೇ ನೋಡಿದ್ಯಲ್ಲ. ಅದೊಂದೇ ನಂಗೆ ಸಮಾಧಾನ.”

ಪಾತ್ರೆ ತೊಳೆಯುತ್ತಿದ್ದ ಚಿಕ್ಕಮ್ಮ ನೀರಿನ ನಲ್ಲಿ ನಿಲ್ಲಿಸಿದಳು.

“ಹೂಂ, ನೋಡಿದ್ದೆ” ಎಂದಳು. “ಆಗ ತಾನೇ ಮಗ್ಗುಲು ಬದಲಾಯಿಸಿದ್ಲು.”