ಧ್ವನಿ ಹೋದ ದಿನ ನಾನು ಪ್ರೋಟೀನ್ ಆದೆ

ಎರಡು ವರ್ಷದ ಹಿಂದಿನ ಮಾತು. ಕಾಲೇಜುಗಳು ಆಗಷ್ಟೇ ಶುರುವಾಗಿದ್ದ ಜೂನ್ ತಿಂಗಳು. ವಿಜಯಪುರದ ಒಂದು ಖಾಸಗಿ ಪಿಯು ಕಾಲೇಜಿನವರು ಜೀವಶಾಸ್ತ್ರ ಕಲಿಸುವ ಕೆಲಸಕ್ಕಾಗಿ ನನ್ನನ್ನು ಡೆಮೊ ಪಾಠಕ್ಕೆ ಕರೆದಿದ್ದರು. ಆಗ ನಾನು ಬೆಳಿಗ್ಗೆ ಬಬಲೇಶ್ವರದಲ್ಲಿ ಅತಿಥಿ ಉಪನ್ಯಾಸಕ, ಸಂಜೆ ತಿಕೋಟಾದಲ್ಲಿ ಟ್ಯೂಷನ್ ಮಾಸ್ತರ, ನಡುವಿನ ಹೊತ್ತೆಲ್ಲ ಬಸ್ಸಿನ ಕಂಬಕ್ಕೆ ಜೋತುಬಿದ್ದ ಪ್ರಾಣಿ. ಹೆಸರಿಗೆ ಅತಿಥಿ, ಒಂದು ಕಪ್ ಚಹಾ ಕೊಟ್ಟವರಿಲ್ಲ. ಈ ಕೆಲಸ ಸಿಕ್ಕರೆ ಒಂದೇ ಊರು, ಒಂದೇ ಕಾಲೇಜು. ಇಟ್ಟಂಗಿಹಾಳದ ನಮ್ಮ ಮನೆಗೂ ಹತ್ತಿರ. ಎಲ್ಲಕ್ಕಿಂತ ಹೆಚ್ಚಾಗಿ, ನಿದ್ದೆ.

ನನ್ನ ಬಂಡವಾಳವೆಂದರೆ ಮಿಮಿಕ್ರಿ. ಕಂಡಕ್ಟರ್, ಪ್ರಿನ್ಸಿಪಾಲರು, ಸೋದರಮಾವ, ಕನ್ನಡಿಯೆದುರು ತಲೆ ಬಾಚುವ ನಾನು, ಯಾರನ್ನೂ ಬಿಟ್ಟವನಲ್ಲ. ಕೋಶ ವಿಭಜನೆಯನ್ನು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವ ಜಗಳದ ಧ್ವನಿಯಲ್ಲಿ ಕಲಿಸಿದ್ದೇನೆ. ಆದರೆ ಡೆಮೊ ದಿನ ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಬರೀ ಗಾಳಿ. ಎರಡು ಊರುಗಳಲ್ಲಿ ಒದರಿ ಒದರಿ ಗಂಟಲು ಕಟ್ಟಿತ್ತು.

"ಯಪ್ಪಾ, ಬಿಸಿನೀರ ಕುಡಿ," ಎಂದಳು ಅವ್ವ. "ನಿನ್ನ ದನಿ ಹೋಗೇತಿ ಅಂತ ಗೊತ್ತಾದ್ರ ಓಣಿ ಮಂದಿ ಪೇಢೆ ಹಂಚ್ತಾರ."

ನಾನು ಸೊಂಟಕ್ಕೆ ಕೈಯಿಟ್ಟು, ಅವಳು ಬೈಯುವಾಗ ನಿಲ್ಲುವ ಹಾಗೆಯೇ ನಿಂತು ತೋರಿಸಿದೆ.

"ದನಿ ಹೋದ್ರೂ ಚ್ಯಾಷ್ಟಿ ಹೋಗಿಲ್ಲ ನೋಡ ಇವಂದು!"

ಕಾಲೇಜಿನಲ್ಲಿ ದ್ವಿತೀಯ ಪಿಯು ಮಕ್ಕಳು ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಮೂವರು ಪರೀಕ್ಷಕರು. ನಡುವೆ ಕೂತವರು ವಿಭಾಗದ ಮುಖ್ಯಸ್ಥ ಹಿರೇಮಠ ಸರ್. ಹಾಗಲಕಾಯಿ ಕಚ್ಚಿ ಇನ್ನೂ ನುಂಗದವರ ಮುಖ. ಅವರು ಕೊಟ್ಟ ವಿಷಯ, ಬ್ಯಾಕ್ಟೀರಿಯಾದಲ್ಲಿ ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್.

ಹಲಗೆಯ ಮೇಲೆ ಬರೆದೆ. ಪಿಸುದನಿಯಲ್ಲಿ ವಿವರಿಸಿದೆ. ಹಾಲಿನ ಸಕ್ಕರೆ ಅರಗಿಸುವ ಕಿಣ್ವ ತಯಾರಾಗಬೇಕಾದರೆ ಕೋಶವು ಡಿಎನ್ಎಯ ಒಂದು ಭಾಗವನ್ನು ಓದಬೇಕು. ಸಕ್ಕರೆಯೇ ಇಲ್ಲದಾಗ ಕಿಣ್ವ ಮಾಡುವುದು ದಂಡ. ಅದಕ್ಕೆ ಒಂದು ಪ್ರೋಟೀನ್ ಡಿಎನ್ಎಯನ್ನು ಬಿಗಿಯಾಗಿ ಹಿಡಿದು ಓದುವ ದಾರಿಯನ್ನು ಅಡ್ಡಗಟ್ಟಿ ಕೂತಿರುತ್ತದೆ. ಸಕ್ಕರೆ ಬಂದಾಗ ಅದು ಹಿಡಿತ ಬಿಡುತ್ತದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸರ್, ಸಕ್ಕರಿ ಬಂದು ಅದರ ಕೈ ಬಿಡಸ್ತೈತೇನ್ರಿ?"

"ಇಲ್ಲವ್ವಾ. ಸಕ್ಕರಿ ಆ ಕೈ ಕಡಿ ಹೋಗೂದ ಇಲ್ಲ. ಪ್ರೋಟೀನಿನ ಬ್ಯಾರೆ ಜಾಗಾಕ್ಕ ಬಂದು ಕೂಡ್ತೈತಿ."

"ಹಂಗಿದ್ರ ಕೈ ಯಾಕ ಬಿಡ್ತೈತ್ರಿ?"

ಸರಿಯಾದ ಪ್ರಶ್ನೆ. ಉತ್ತರ ಗೊತ್ತಿತ್ತು, ಅಷ್ಟುದ್ದ ಹೇಳಲು ಧ್ವನಿ ಉಳಿದಿರಲಿಲ್ಲ. ಗಂಟಲಿನಿಂದ ಕೋಳಿ ಕೂಗಿದ ಹಾಗೆ ಏನೋ ಹೊರಟು ಇಡೀ ಕ್ಲಾಸು ನಕ್ಕಿತು. ಪರೀಕ್ಷಕರೊಬ್ಬರು ಗಡಿಯಾರ ನೋಡಿಕೊಂಡರು. ಕೆಲಸ ಕೈತಪ್ಪಿತು ಅನ್ನಿಸಿತು. ಇನ್ನೇನು ಉಳಿದಿತ್ತು? ಮೈಯೊಂದೇ. ಮೇಜಿನ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಭುಜ ಬಿಗಿ ಮಾಡಿ, ಕತ್ತು ಒಳಗೆಳೆದು ಬಗ್ಗಿ ನಿಂತೆ. "ನಾ ಪ್ರೋಟೀನು, ಇದು ಡಿಎನ್ಎ. ಯಾರರ ಸಕ್ಕರಿ ಆಗಿ ಬರ್ರಿ," ಎಂದು ಪಿಸುಗುಟ್ಟಿದೆ.

ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಬೆಂಚು ಕಿರುಗುಟ್ಟಿತು. ಎದ್ದು ಬಂದವರು ಹಿರೇಮಠ ಸರ್!

"ಲೇ, ಸರ್ ಸಕ್ಕರಿ ಆಗ್ಯಾರಲೇ!" ಎಂದು ಹಿಂದಿನಿಂದ ಯಾರೋ ಅಂದರು. ಮತ್ತೆ ನಗು.

ಅವರು ನನ್ನ ಪಕ್ಕ ನಿಂತು, ಎರಡು ಭುಜಗಳ ನಡುವೆ ಅಂಗೈ ಇಟ್ಟರು. ಒತ್ತಲಿಲ್ಲ, ತಟ್ಟಲಿಲ್ಲ, ಸುಮ್ಮನೆ ಇಟ್ಟರು. ಆಗ ಭುಜ ನಿಧಾನವಾಗಿ ತಿರುಗಿಸಿ, ಮೊಣಕೈ ಸಡಿಲಿಸಿ, ಆಮೇಲೆ ಬೆರಳು ಬಿಡಬೇಕೆಂದು ನಾನು ಲೆಕ್ಕ ಹಾಕಿದ್ದೆ. ಅದೊಂದೂ ಆಗಲಿಲ್ಲ. ಅಂಗೈ ತಾಗಿದ್ದೇ ಭುಜ ಕುಸಿಯಿತು, ಬೆರಳುಗಳು ತಾವಾಗಿಯೇ ಜಾರಿದವು, ಹಲಗೆಯ ಕೆಳಗಿನ ಕಟ್ಟೆಯ ಮೇಲೆ ಧೊಪ್ಪನೆ ಕೂತುಬಿಟ್ಟೆ. ಕಣ್ಣು ಒದ್ದೆಯಾಗಿತ್ತು. ಮಕ್ಕಳು ಚಪ್ಪಾಳೆ ಹೊಡೆದರು. ಎಂಥಾ ಆಕ್ಟಿಂಗ್ ಎಂದುಕೊಂಡಿರಬೇಕು.

ಹಿರೇಮಠ ಸರ್ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಮಕ್ಕಳ ಕಡೆ ತಿರುಗಿ ಹೇಳಿದರು: "ನೋಡಿದ್ರೇನು? ನಾ ಇವರ ಕೈ ಮುಟ್ಟಿಲ್ಲ. ಮುಟ್ಟಿದ್ದು ಬೆನ್ನು, ಬಿಟ್ಟಿದ್ದು ಕೈ. ಒಂದ್ ಕಡಿ ಹತ್ತಿದ್ದು ಮೈ ತುಂಬ ಮುಟ್ಟತೈತಿ. ಇಡೀ ಆಕಾರನ ಬದಲ ಆಗತೈತಿ. ಪ್ರೋಟೀನೂ ಹಂಗ."

ಆಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದರು.

"ಎಷ್ಟ್ ಕಡಿ ಕಲಸ್ತೀಯೋ?"

"ಎರಡ್ ಕಡಿ ರೀ ಸರ್."

"ಮತ್ತ ನಿದ್ದಿ?"

"ಬಸ್ಸಿನ್ಯಾಗ ರೀ. ನಿಂತಕೊಂಡು."

ಅವರು ಚಹಾ ಬಸಿಗೆ ಸುರಿದು ಆರಿಸಿದರು. "ಈ ಕೆಲಸ ನನ್ನೊಬ್ಬನ ಕೈಯಾಗಿಲ್ಲ ತಮ್ಮಾ. ಸಿಗಲಿ, ಬಿಡಲಿ, ನೀ ಒಂದು ಕಡಿ ಬಿಟ್ಟಬಿಡು. ನಿಂದು ಆಕ್ಟಿಂಗ್ ಅಲ್ಲಂತ ನನಗ ಗೊತ್ತಾಗೇತಿ."

ಕೆಲಸ ಗಟ್ಟಿ ಧ್ವನಿಯ ಬೇರೊಬ್ಬರಿಗೆ ಸಿಕ್ಕಿತು. ತಪ್ಪೇನಿಲ್ಲ, ಕೋಳಿಯ ಹಾಗೆ ಕೂಗುವ ಮಾಸ್ತರನನ್ನು ನಾನಾಗಿದ್ದರೂ ಇಟ್ಟುಕೊಳ್ಳುತ್ತಿರಲಿಲ್ಲ. ಆ ತಿಂಗಳು ಮುಗಿಯುವಷ್ಟರಲ್ಲಿ ತಿಕೋಟಾದ ಟ್ಯೂಷನ್ ಬಿಟ್ಟೆ. ಈಗಲೂ ಬಬಲೇಶ್ವರದ ಬಸ್ಸು ಹತ್ತುತ್ತೇನೆ, ಈಗಲೂ ದಣಿಯುತ್ತೇನೆ, ಸಂಜೆ ಮಾತ್ರ ಮನೆಯಲ್ಲಿರುತ್ತೇನೆ. ಕೆಲಸ ತಪ್ಪಿದ ಬೇಸರ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಆ ದಿನವನ್ನು ನೆನೆದಾಗ ಮೊದಲು ಬರುವುದು ಬೇಸರವಲ್ಲ, ಬೆನ್ನಿನ ಮೇಲಿನ ಆ ಅಂಗೈಯ ಬಿಸುಪು. ನಾನು ನನ್ನನ್ನೇ ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆನೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.